ಎರಡನೆಯ ಮೇಷ್ಟ್ರು

ಊರ ಶಾಲೆ ಉಳಿಸಬೇಕೆಂದು ನಾಲ್ಕು ಜನ ಸೇರಿದರೆ ಮೊದಲು ಏಳುವ ಮಾತು ಸುಣ್ಣಬಣ್ಣದ್ದು. ಗೋಡೆಗೆ ರೈಲು ಬೋಗಿಯ ಚಿತ್ರ ಬರೆಸುತ್ತಾರೆ, ಹಳೆಯ ವಿದ್ಯಾರ್ಥಿಗಳು ಬೆಂಚು ಕೊಡಿಸುತ್ತಾರೆ, ನರೇಗಾದಲ್ಲಿ ಕಾಂಪೌಂಡು ಎದ್ದು ನಿಲ್ಲುತ್ತದೆ. ಯಾವುದೂ ಬೇಡದ್ದಲ್ಲ. ಆದರೆ ಶಾಲೆಯ ಆಯಸ್ಸು ಗೊತ್ತಾಗುವುದು ಶಿಕ್ಷಕರ ಹಾಜರಿ ಪುಸ್ತಕದಲ್ಲಿ. ಅದರಲ್ಲಿ ಹೆಸರು ಒಂದಿದೆಯೋ, ಎರಡಿದೆಯೋ?

ಪರಿಚಯದ ಮಾತು ಬೇಗ ಮುಗಿಸೋಣ. 1ರಿಂದ 5ನೇ ತರಗತಿ ಇದ್ದರೆ ಕಿರಿಯ ಪ್ರಾಥಮಿಕ ಶಾಲೆ. 7 ಅಥವಾ 8ರವರೆಗೆ ಇದ್ದರೆ ಹಿರಿಯ ಪ್ರಾಥಮಿಕ. ಶಾಲೆಯ ಮೇಲೆ ಊರಿಗಿರುವ ಹಿಡಿತದ ಹೆಸರು ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಕರ್ನಾಟಕದಲ್ಲಿ ಇದು ಹುಟ್ಟಿತು. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಬಿಸಿಯೂಟ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಯಿತು, ಹಾಲು 2013ರಲ್ಲಿ ಬಂತು. ಮಕ್ಕಳನ್ನು ಶಾಲೆಯ ಬಾಗಿಲಿಗೆ ತಂದದ್ದರಲ್ಲಿ ಇವುಗಳ ಪಾಲು ದೊಡ್ಡದು. ಬಾಗಿಲ ಒಳಗೆ ಏನಾಗುತ್ತದೆ ಎಂಬುದು ಬೇರೆ ಲೆಕ್ಕ.

ಜನ ಎಡವುವುದು ಆ ಲೆಕ್ಕದಲ್ಲೇ. ‘ಮೂವತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರು’ ಎಂಬ ಮಾತನ್ನು ಎಲ್ಲರೂ ಕೇಳಿದ್ದಾರೆ. ಹಾಗಾಗಿ ನಮ್ಮೂರಲ್ಲಿ ಹದಿನೆಂಟೇ ಮಕ್ಕಳಿದ್ದರೆ ಒಬ್ಬರು ಧಾರಾಳ ಸಾಕು ಎಂದುಕೊಳ್ಳುತ್ತಾರೆ. ಓದಿದವರೂ ಹಾಗೇ ಅಂದುಕೊಳ್ಳುತ್ತಾರೆ. ಕಾಯ್ದೆಯ ಕೊನೆಗಿರುವ ಅನುಸೂಚಿಯನ್ನು ತೆರೆದು ನೋಡಿ: 1ರಿಂದ 5ನೇ ತರಗತಿಯ ಶಾಲೆಯಲ್ಲಿ ಮಕ್ಕಳು 60ರವರೆಗೆ ಇದ್ದರೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಒಬ್ಬರು ಎಂಬ ಸಾಲೇ ಅಲ್ಲಿಲ್ಲ. ಹತ್ತು ಮಕ್ಕಳಿದ್ದರೂ ಇಬ್ಬರು. 25ನೇ ಕಲಮು ಇನ್ನೊಂದು ಮಾತು ಸೇರಿಸುತ್ತದೆ: ಈ ಪ್ರಮಾಣ ಪ್ರತಿಯೊಂದು ಶಾಲೆಯಲ್ಲೂ ಇರಬೇಕು. ತಾಲ್ಲೂಕಿನ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ನಿಮ್ಮೂರಿನ ಐದನೇ ತರಗತಿಗೆ ಅದು ಗಣಿತ ಹೇಳಿಕೊಡುವುದಿಲ್ಲ.

ಇಬ್ಬರೇ ಯಾಕೆ? ಐದನೇ ತರಗತಿವರೆಗಿನ ಶಾಲೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಮಾಡಬೇಕೆಂದು ಅದೇ ಅನುಸೂಚಿ ಹೇಳುತ್ತದೆ. ಒಬ್ಬರೇ ಮೇಷ್ಟ್ರು ಐದು ತರಗತಿಗೆ ಹಂಚಿದರೆ ಒಂದೊಂದಕ್ಕೆ 160 ಗಂಟೆ. ಅದರಲ್ಲಿ ಬಿಸಿಯೂಟದ ಅಕ್ಕಿ ಲೆಕ್ಕ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಕೇಳಿದ ಮಾಹಿತಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸಭೆ ಎಲ್ಲ ಕಳೆಯಿರಿ. ಚುನಾವಣೆ, ಜನಗಣತಿಯ ಕೆಲಸಕ್ಕೆ ಶಿಕ್ಷಕರನ್ನು ಕರೆಯಲು ಕಾಯ್ದೆಯೇ ಒಪ್ಪುತ್ತದೆ. ಮೇಷ್ಟ್ರು ಸಭೆಗೆ ಹೋದ ದಿನ ಬೀಗದ ಕೈ ಅಡುಗೆಯವರ ಹತ್ತಿರ.

ಇಬ್ಬರಿದ್ದರೆ ಚಿತ್ರವೇ ಬೇರೆ. ಒಬ್ಬರು 4 ಮತ್ತು 5 ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ನಲಿ-ಕಲಿ ಕೋಣೆ. ನಲಿ-ಕಲಿಯ ಸೊಗಸನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಪ್ರಯೋಗ ನೋಡಿ ಬಂದ ಎಚ್.ಡಿ. ಕೋಟೆಯ ಶಿಕ್ಷಕರು 1995ರಲ್ಲಿ ಇದನ್ನು ಕಟ್ಟಿದರು. 2009ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಇಲ್ಲಿ 1ರಿಂದ 3ನೇ ತರಗತಿಯವರು ಒಟ್ಟಿಗೆ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಕಲಿಕಾ ಏಣಿಯಲ್ಲಿ ಮಗು ತಾನು ನಿಂತ ಮೆಟ್ಟಿಲು ಹುಡುಕುತ್ತದೆ, ಆ ಗುರುತಿನ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ, ತನ್ನ ತಂಡಕ್ಕೆ ಹೋಗಿ ಕೂರುತ್ತದೆ. ತಂಡಗಳು ಐದು: ಶಿಕ್ಷಕರ ಪೂರ್ಣ ಸಹಾಯ, ಭಾಗಶಃ ಸಹಾಯ, ಗೆಳೆಯರ ಪೂರ್ಣ ಸಹಾಯ, ಭಾಗಶಃ ಸಹಾಯ, ಕೊನೆಗೆ ಸ್ವಕಲಿಕೆ. ಜ್ವರ ಬಂದು ಹತ್ತು ದಿನ ಮನೆಯಲ್ಲಿದ್ದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಹೊರಗೆ ನಿಂತ ಅಪ್ಪನಿಗೆ ಇದು ಗಲಾಟೆಯಂತೆ ಕಾಣುತ್ತದೆ: ‘ಏನ್ ಮೇಡಂ, ಬರೀ ಆಟ ಆಡಿಸ್ತೀರಲ್ಲ?’ ಮೂರು ತರಗತಿ ಒಂದೇ ಕೋಣೆಯಲ್ಲಿ ಸೇರುವುದು ಇಲ್ಲಿ ಪದ್ಧತಿಯ ಕೊರತೆಯಲ್ಲ, ಅದರ ಬುನಾದಿ. ಆದರೆ ಮೇಡಂ ಆ ಚಾಪೆ ಬಿಟ್ಟು ಪಕ್ಕದ ಕೋಣೆಗೆ ಓಡುತ್ತಿದ್ದರೆ ಮೊದಲ ಎರಡು ತಂಡ ಅನಾಥ. ಆಗ ಅಪ್ಪ ಹೇಳಿದ್ದೇ ನಿಜವಾಗುತ್ತದೆ.

ಶಾಲೆ ಮುಚ್ಚುವುದು ಒಂದು ಆದೇಶದಿಂದ ಎಂದು ಹಲವರು ತಿಳಿದಿದ್ದಾರೆ. ಆದೇಶ ಬರುವುದು ಕೊನೆಗೆ. ಒಬ್ಬ ಶಿಕ್ಷಕಿ ನಿವೃತ್ತರಾಗುತ್ತಾರೆ ಅಥವಾ ವರ್ಗವಾಗುತ್ತಾರೆ. ಬಸ್ಸಿಲ್ಲದ ಊರನ್ನು ಕೌನ್ಸೆಲಿಂಗ್‌ನಲ್ಲಿ ಯಾರೂ ಆರಿಸಿಕೊಳ್ಳುವುದಿಲ್ಲ. ಹುದ್ದೆ ಖಾಲಿ ಉಳಿಯುತ್ತದೆ. ಅತಿಥಿ ಶಿಕ್ಷಕರು ಸಿಕ್ಕರೆ ಅದೃಷ್ಟ. ಬೀಗ ಬಿದ್ದ ದಿನಗಳನ್ನು ಎಣಿಸಿದ ಪೋಷಕರು ಟಿ.ಸಿ. ಕೇಳುತ್ತಾರೆ. ಖಾಸಗಿ ಶಾಲೆಯ ಹಳದಿ ವ್ಯಾನು ಊರೊಳಗೆ ಬರತೊಡಗುತ್ತದೆ. ಮೊದಲು ಹೋಗುವುದು ಸಭೆಯಲ್ಲಿ ದನಿ ಎತ್ತಬಲ್ಲವರ ಮಕ್ಕಳು, ಉಳಿಯುವುದು ಕೂಲಿಯವರ ಮಕ್ಕಳು. ದಾಖಲಾತಿ ಇಳಿದ ಶಾಲೆಗೆ ಹುದ್ದೆ ಕೇಳುವುದು ಇನ್ನೂ ಕಷ್ಟ. ‘ಮಕ್ಕಳಿಲ್ಲ, ಅದಕ್ಕೇ ಶಿಕ್ಷಕರಿಲ್ಲ’ ಎನ್ನುವವರು ಸರಪಳಿಯನ್ನು ತುದಿಯಿಂದ ಹಿಡಿದಿದ್ದಾರೆ.

ಪೋಷಕರಿಗಿರುವ ಇಂಗ್ಲಿಷ್ ಮಾಧ್ಯಮದ ಆಸೆಯೂ ಸುಳ್ಳಲ್ಲ. 2019ರಲ್ಲಿ ಸರ್ಕಾರವೇ ಒಂದು ಸಾವಿರ ಶಾಲೆಗಳಲ್ಲಿ ಅದನ್ನು ತೆರೆಯಿತು. ಆದರೆ ಒಬ್ಬರೇ ಶಿಕ್ಷಕರಿರುವಲ್ಲಿ ಇನ್ನೊಂದು ಮಾಧ್ಯಮ ಎಂದರೆ ಅವರ ತಲೆಗೆ ಇನ್ನೊಂದು ಹೊರೆ, ಅಷ್ಟೇ.

ಹಾಗಾದರೆ ಎಸ್‌ಡಿಎಂಸಿ ಮಾಡಬೇಕಾದ್ದೇನು? ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು ಕಾಯ್ದೆ ಅದಕ್ಕೆ ಕೊಟ್ಟ ಕೆಲಸ. ಆ ಯೋಜನೆಯ ಮೊದಲ ಸಾಲಿನಲ್ಲೇ ಖಾಲಿ ಹುದ್ದೆ, ಅದು ಖಾಲಿಯಾದ ತಾರೀಖು ಇರಲಿ. ಅದೇ ಮಾತು ನಡಾವಳಿ ಪುಸ್ತಕದಲ್ಲಿ ನಿರ್ಣಯವಾಗಲಿ, ನಕಲು ಬಿಇಒ ಕಚೇರಿಗೆ ಹೋಗಲಿ, ಸ್ವೀಕೃತಿ ಕೈಗೆ ಬರಲಿ. ಬಣ್ಣದ ಡಬ್ಬಿಯ ಮಾತು ಆಮೇಲೆ.

ಈ ಬರಹ ಮುಗಿಸಿದ ಮೇಲೆ ಓದುಗರು ಕಾಯ್ದೆಯ ಆ ಅನುಸೂಚಿಯನ್ನೊಮ್ಮೆ ಓದಬೇಕು. ಉದ್ದವೇನಿಲ್ಲ, ಕನ್ನಡದಲ್ಲೂ ಸಿಗುತ್ತದೆ. ಓದಿ, ಮುಂದಿನ ಎಸ್‌ಡಿಎಂಸಿ ಸಭೆಗೆ ಅದರ ಒಂದು ಪ್ರತಿ ಹಿಡಿದುಕೊಂಡು ಹೋಗಿ.