ಹೊರಗಿನ ವಾದ್ಯ, ಒಳಗಿನ ನಾದ

ಪರದೇಶದ ವಾದ್ಯವೊಂದು ನಮ್ಮದಾಗುವುದು ಯಾವಾಗ? ಶಿಕಾರಿಪುರ, ಸೊರಬದ ಕಡೆಯ ಮದುವೆಗಳಲ್ಲಿ ಓಲಗದೊಡನೆ ಸ್ಯಾಕ್ಸೊಫೋನ್ ಕೇಳಿಬಂದರೆ ‘ಇದು ಬ್ಯಾಂಡಿನ ವಾದ್ಯ, ಮಂಗಳವಾದ್ಯವಲ್ಲ’ ಎಂದು ಗೊಣಗುವ ಹಿರಿಯರನ್ನು ನಾನು ಬಲ್ಲೆ. ಬಳ್ಳಿಗಾವೆಯ ಅಲ್ಲಮನನ್ನು ಕವಿಗಳು ಮದ್ದಳೆಕಾರನಾಗಿ ಚಿತ್ರಿಸಿದ ಸೀಮೆಯಿದು; ವಾದ್ಯದ ವಿಷಯದಲ್ಲಿ ಇಲ್ಲಿನವರು ನಿಷ್ಠುರರಾದರೆ ಆಶ್ಚರ್ಯವಿಲ್ಲ. ಆ ಆಕ್ಷೇಪದಲ್ಲಿರುವ ಸತ್ಯಾಂಶವನ್ನು ಮೊದಲು ನೋಡೋಣ.

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಈ ವಾದ್ಯಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಸೈನ್ಯದ ಬ್ಯಾಂಡುಗಳಲ್ಲಿ ಬೆಳೆದ ಅದು ಮುಂದೆ ಅಮೆರಿಕದ ಜಾಝ್ ಸಂಗೀತದ ಕೊರಳಾಯಿತು. ನಾಗಸ್ವರದಲ್ಲಿ ವಾದಕನ ಬೆರಳೇ ರಂಧ್ರವನ್ನು ಅರೆಮುಚ್ಚಿ, ಅರೆತೆರೆದು, ಸ್ವರದಿಂದ ಸ್ವರಕ್ಕೆ ಜಾರಬಲ್ಲುದು. ಸ್ಯಾಕ್ಸೊಫೋನಿನಲ್ಲಾದರೋ ರಂಧ್ರಗಳನ್ನು ಮುಚ್ಚುವುದು ಕೀಲಿಗೆ ಜೋಡಿಸಿದ ಮುಚ್ಚಳಗಳು. ಸ್ವರಗಳು ಮೆಟ್ಟಿಲುಗಳಂತೆ ಬೇರೆಬೇರೆಯಾಗಿ ನಿಲ್ಲುತ್ತವೆ. ಗಮಕವಿಲ್ಲದ ಮೇಲೆ ರಾಗವೆಲ್ಲಿಯದು?

ಈ ತೊಡಕನ್ನು ಬಿಡಿಸಿದವರು ಕದ್ರಿ ಗೋಪಾಲನಾಥರು. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ನಾಗಸ್ವರ ವಾದಕ ತನಿಯಪ್ಪನವರ ಮಗನಾಗಿ ಜನಿಸಿದ ಅವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಿಗೆ ಗುರುಗಳಾದರು. ವಾದ್ಯದ ಕೀಲಿಗಳಲ್ಲಿ ಮಾರ್ಪಾಡು ಮಾಡಿಕೊಂಡು, ತುಟಿಯ ಒತ್ತು, ಉಸಿರಿನ ಏರಿಳಿತಗಳಿಂದ ಮೆಟ್ಟಿಲುಗಳ ನಡುವಿನ ಇಳಿಜಾರನ್ನು ಅವರು ಸಾಧಿಸಿದರು. ಹಲವು ವರ್ಷಗಳ ತಪಸ್ಸದು.

1980ರ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯೊಡನೆ ಅವರು ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಕಛೇರಿ ಮಾಡಿದರು. 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನವರೊಡನೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ಹೊರಬಂದಿತು. 2004ರಲ್ಲಿ ಪದ್ಮಶ್ರೀ ಸಂದ ಈ ಕಲಾವಿದರು 2019ರಲ್ಲಿ ಕಾಲವಾದರು. ಗಮನಿಸಬೇಕಾದ ಸಂಗತಿಯೆಂದರೆ, ಜಾಝ್ ವಾದಕರೊಡನೆ ಕೂತಾಗಲೂ ಅವರು ಜಾಝನ್ನು ಅನುಕರಿಸಲಿಲ್ಲ. ತಮ್ಮ ರಾಗದಲ್ಲಿ ನೆಲೆನಿಂತಿದ್ದರಿಂದಲೇ ಅವರಲ್ಲಿ ಕೊಡುವುದಕ್ಕೇನೋ ಇತ್ತು.

ಸಾಹಿತ್ಯದಲ್ಲಿಯೂ ಹೀಗೆಯೇ ಅಲ್ಲವೆ? ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ನಮ್ಮವಾದದ್ದು ಕನ್ನಡದ ಲಯವನ್ನು ಉಸಿರಾಡಿದ್ದರಿಂದ. ಹುಟ್ಟಿದೂರಿನಿಂದ ವಾದ್ಯಕ್ಕೆ ಕುಲ ಬರುವುದಿಲ್ಲ, ಸಾಧನೆಯಿಂದ ಬರುತ್ತದೆ. ಆದರೆ ಆ ಸಾಧನೆ ಕೇಳುವವರಿಲ್ಲದೆ ಉಳಿಯದು. ಓಲಗದವರಿಂದ ಸಿನಿಮಾ ಹಾಡನ್ನಷ್ಟೇ ಬಯಸುವ ನಾವು, ಒಂದು ಗಳಿಗೆ ರಾಗವನ್ನೂ ಕೇಳಿದರೆ, ಹಿರಿಯರ ಆಕ್ಷೇಪಕ್ಕೂ ಕಲಾವಿದರ ಶ್ರಮಕ್ಕೂ ಒಟ್ಟಿಗೇ ನ್ಯಾಯ ದೊರೆತೀತು.