ಎಲುಬಿನಿಂದ ಪಡೆದ ಸಾಲ



ತಾಯಿಯು ತನ್ನ ರಕ್ತವನ್ನೇ ಹಾಲಾಗಿಸಿ ಮಗುವಿಗೆ ಉಣಿಸುತ್ತಾಳೆಂದು ನಮ್ಮ ಹಿರಿಯರು ಹೇಳುವುದುಂಟು. ಆಕೆ ತನ್ನ ಎಲುಬಿನಲ್ಲಿಯೂ ಒಂದು ಪಾಲನ್ನು ಕೊಡುತ್ತಾಳೆಂಬುದು ಶರೀರಶಾಸ್ತ್ರಜ್ಞರ ಮಾತು. ಇದನ್ನು ಕೇಳಿ ಬೆದರಿ, ಮೊಲೆಹಾಲನ್ನು ಬೇಗನೆ ಬಿಡಿಸುವುದೇ ಲೇಸೆಂದು ಯೋಚಿಸುವವರಿದ್ದಾರೆ. ಆ ಭಯವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಮೊದಲು ಲೆಕ್ಕವನ್ನು ನೋಡೋಣ. ಪ್ರಾಯದ ಹೆಂಗಸಿನ ಅಸ್ಥಿಪಂಜರದಲ್ಲಿ ಸುಮಾರು 1 ಕಿಲೋಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹಾಲಿನ ಮೂಲಕ ದಿನಕ್ಕೆ 200ರಿಂದ 300 ಮಿಲಿಗ್ರಾಂನಷ್ಟು ಹೊರಗೆ ಹೋಗುವುದು. ಬಸಿರಿನಲ್ಲಿ ಶಿಶುವಿನ ಎಲುಬಿಗೆ ಬೇಕಾದ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಬಹುಮಟ್ಟಿಗೆ ಆಹಾರದಿಂದಲೇ ದೊರೆಯುತ್ತದೆ; ಆಗ ತಾಯಿಯ ಕರುಳು ಮೊದಲಿಗಿಂತ ಇಮ್ಮಡಿಯಷ್ಟನ್ನು ಹೀರಿಕೊಳ್ಳುವುದಷ್ಟೆ. ಹೆರಿಗೆಯಾದ ಮೇಲೆ ಕರುಳು ತನ್ನ ಹಳೆಯ ಪ್ರಮಾಣಕ್ಕೆ ಮರಳುತ್ತದೆ. ಆದುದರಿಂದ ದೇಹವು ಮೂತ್ರದಲ್ಲಿ ಪೋಲಾಗುವುದನ್ನು ತಗ್ಗಿಸಿ, ಎಲುಬಿನ ಕಣಜವನ್ನು ತೆರೆಯುತ್ತದೆ.

ಕಣಜವನ್ನು ತೆರೆಯಿರೆಂದು ಅಪ್ಪಣೆ ಕೊಡುವವರು ಯಾರು? ಮಗು ಹಾಲು ಚೀಪಿದಾಗ ಪ್ರೋಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ; ಅದರ ಪ್ರಭಾವದಿಂದ ಎಲುಬಿಗೆ ಕಾವಲಾಗಿದ್ದ ಈಸ್ಟ್ರೋಜೆನ್ ಇಳಿಯುತ್ತದೆ. ಇದರ ಜೊತೆಗೆ ಸ್ತನವೇ, ಪ್ಯಾರಾಥೈರಾಯಿಡ್ ಗ್ರಂಥಿಯ ಹಾರ್ಮೋನನ್ನು ಹೋಲುವ ಒಂದು ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಇವೆರಡರ ಪ್ರೇರಣೆಯಿಂದ ಎಲುಬನ್ನು ಕರಗಿಸುವ ಕಣಗಳು ಚುರುಕಾಗುತ್ತವೆ. ಮೊದಲ 3ರಿಂದ 6 ತಿಂಗಳುಗಳಲ್ಲಿ ಬೆನ್ನೆಲುಬಿನ ಸಾಂದ್ರತೆಯು ಶೇಕಡ 3ರಿಂದ 10ರವರೆಗೆ ಕುಗ್ಗುವುದುಂಟು. ಕ್ಯಾಲ್ಸಿಯಂ ಮಾತ್ರೆಗಳಿಂದ ಇದನ್ನು ತಡೆಯಬಹುದೆ? 1990ರ ದಶಕದಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿಯೂ ಅಮೆರಿಕದಲ್ಲಿಯೂ ಪರೀಕ್ಷಿಸಿ ನೋಡಿದರು, ತಡೆಯಲಾಗದೆಂದು ಕಂಡುಬಂದಿತು.

ಆದರೆ ಇದು ವ್ಯಯವಲ್ಲ, ಸಾಲ. ಮಗು ಹಾಲು ಬಿಟ್ಟ ಮೇಲೆ ಈಸ್ಟ್ರೋಜೆನ್ ಮರಳುತ್ತದೆ. ಎಲುಬನ್ನು ಕಟ್ಟುವ ಕಣಗಳ ಕೈ ಮೇಲಾಗುತ್ತದೆ. ಸಾಮಾನ್ಯವಾಗಿ 6ರಿಂದ 12 ತಿಂಗಳೊಳಗೆ ಸಾಂದ್ರತೆಯು ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಹಲವು ಮಕ್ಕಳಿಗೆ ಹಾಲೂಡಿಸಿದ ತಾಯಂದಿರ ಎಲುಬು ಮುಪ್ಪಿನಲ್ಲಿ ಹೆಚ್ಚಾಗಿ ಮುರಿಯುವುದೆಂಬುದಕ್ಕೆ ಆಧಾರ ದೊರೆತಿಲ್ಲ.

ಹಾಲೂಡಿಸುವ ಕಾಲದಲ್ಲಿ ಈಸ್ಟ್ರೋಜೆನ್ ತಗ್ಗಿದ್ದರೂ ಎಲುಬು ಪೂರ್ತಿಯಾಗಿ ಸೊರಗದಿರುವುದೇಕೆಂಬುದು ಬಹುಕಾಲದ ಒಗಟಾಗಿತ್ತು. 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು, ಹಾಲೂಡಿಸುವ ಇಲಿಗಳ ಮಿದುಳಿನಲ್ಲಿ ಸಿಸಿಎನ್3 ಎಂಬ ಹಾರ್ಮೋನು ಹುಟ್ಟಿ ಎಲುಬನ್ನು ಕಟ್ಟುವುದೆಂದು ತೋರಿಸಿದರು. ಅದನ್ನು ತಡೆದಾಗ ತಾಯಿಯ ಎಲುಬು ಕ್ಷೀಣಿಸಿತು, ಮರಿಗಳೂ ಸೊರಗಿದುವು. ಸಾಲ ಕೊಡಿಸುವ ದೇಹವೇ ಮೂಲಧನವನ್ನೂ ಕಾಯುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಹಾಗೆಂದು ಮನೆಯವರು ನಿಶ್ಚಿಂತರಾಗಿರಲಾಗದು. ಸಾಲ ತೀರುವುದಕ್ಕೆ ಸಾಮಗ್ರಿ ಬೇಕು. ಹಾಲೂಡಿಸುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿದೆ. 100 ಗ್ರಾಂ ರಾಗಿಯಲ್ಲಿಯೇ ಸುಮಾರು 360 ಮಿಲಿಗ್ರಾಂ ಇದೆ. ಆದರೆ ಕೆಲವು ಮನೆಗಳಲ್ಲಿ ಪಥ್ಯದ ಹೆಸರಿನಲ್ಲಿ ಬಾಣಂತಿಗೆ ಮೊಸರು, ಸೊಪ್ಪುಗಳನ್ನು ನಿಲ್ಲಿಸಿ, ಬಿಸಿಲು ಕಾಣದ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂರಿಸುತ್ತಾರೆ. ಕ್ಯಾಲ್ಸಿಯಂ ಮೈಗೂಡಲು ಬೇಕಾದ ಡಿ ಜೀವಸತ್ವವು ಹುಟ್ಟುವುದು ಚರ್ಮಕ್ಕೆ ಬಿಸಿಲು ತಾಕಿದಾಗ. ಇದನ್ನು ಅರಿತಮೇಲೆ ಆ ಪಥ್ಯವನ್ನು ಹಿತವೆನ್ನುವುದು ಹೇಗೆ?

ಇನ್ನೊಂದು ಎಚ್ಚರಿಕೆ. ಬಹು ವಿರಳವಾಗಿ ಈ ಕಾಲದಲ್ಲಿ ಬೆನ್ನೆಲುಬಿನ ಮಣಿಗಳೇ ಕುಸಿಯುವುದುಂಟು. ಬಾಣಂತಿಯು ತೀವ್ರವಾದ ಬೆನ್ನುನೋವೆಂದು ಹೇಳಿದರೆ, ಅಥವಾ ಆಕೆಯ ಎತ್ತರ ಕುಗ್ಗಿದಂತೆ ತೋರಿದರೆ, ಹೆತ್ತವರಿಗೆಲ್ಲ ಇದು ಸಹಜವೆಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು.

ತಾಯಿ ಹೆದರಿ ಹಾಲು ಬಿಡಿಸಬೇಕಾದುದಿಲ್ಲ. ಆಕೆಯ ತಟ್ಟೆಗೆ ಏನು ಬೀಳುತ್ತಿದೆ, ಆಕೆಯ ನೋವಿಗೆ ಯಾರು ಕಿವಿಗೊಡುತ್ತಿದ್ದಾರೆ ಎಂಬುದನ್ನು ಮನೆಯ ಉಳಿದವರು ನೋಡಿಕೊಳ್ಳಬೇಕು.