ಪಿಎಫ್‌ಎಕ್ಸ್ ಗಂಟನ್ನು ಬಿಚ್ಚುವ ಮುನ್ನ

ವಿಜಯವಾಡದ ಆಟೋನಗರದಲ್ಲಿ ಲಾರಿ ಲೆಕ್ಕ ಬರೆಯುವ, ವಿಶಾಖಪಟ್ಟಣದ ಬಂದರಿನ ಸುತ್ತ ಗುಮಾಸ್ತೆಗಿರಿ ಮಾಡುವ ನಮ್ಮ ಸ್ನೇಹಿತರು ವಾಚನಾಲಯಕ್ಕೆ ಬಂದಾಗ ಒಂದು ಪ್ರಶ್ನೆಯನ್ನು ಮೇಲಿಂದ ಮೇಲೆ ಕೇಳುತ್ತಾರೆ: "ಕಚೇರಿಯ ಜಾಲತಾಣವನ್ನು ಹೊಸ ಸರ್ವರಿಗೆ ಸಾಗಿಸಬೇಕಂತೆ. ಯಜಮಾನರು ಒಂದು ಪಿಎಫ್‌ಎಕ್ಸ್ ಕಡತ ಕೊಟ್ಟಿದ್ದಾರೆ. ಸರ್ವರಿನವರು ಸರ್ಟಿಫಿಕೇಟನ್ನೂ ಕೀಲಿಯನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ. ಏನು ಮಾಡಲಿ, ಸ್ವಾಮಿ?"

ಪಿಎಫ್‌ಎಕ್ಸ್ ಅಥವಾ ಪಿ12 ಎಂಬುದು ಪಾಸ್‌ವರ್ಡಿನಿಂದ ಬಿಗಿದ ಒಂದು ಗಂಟು. ಅದರೊಳಗೆ ಸಾಮಾನ್ಯವಾಗಿ ಜಾಲತಾಣದ ಸರ್ಟಿಫಿಕೇಟು, ಅದನ್ನು ಕೊಟ್ಟ ಸಂಸ್ಥೆಯ ಸರ್ಟಿಫಿಕೇಟುಗಳು, ಮತ್ತು ಖಾಸಗಿ ಕೀಲಿ ಇರುತ್ತವೆ. ಸರ್ಟಿಫಿಕೇಟು ಮೊಹರು ಬಿದ್ದ ಕಾಗದದಂತೆ. ಯಾರಿಗೆ ತೋರಿಸಿದರೂ ನಷ್ಟವಿಲ್ಲ. ಕೀಲಿಯೆಂದರೆ ಮೊಹರೇ ಸರಿ. ಅದು ಸಿಕ್ಕವನು ನಿಮ್ಮ ಕಚೇರಿಯ ಹೆಸರಿನಲ್ಲಿ ವೇಷ ಹಾಕಬಲ್ಲನು.

ಬಿಚ್ಚುವ ಉಪಕರಣ ಓಪನ್‌ಎಸ್‌ಎಸ್‌ಎಲ್. ಅದಕ್ಕೆ ಕಾಸು ಕೊಡಬೇಕಾದದ್ದಿಲ್ಲ. ಅದರ ಪಿಕೆಸಿಎಸ್12 ಎಂಬ ಆಜ್ಞೆಗೆ ಗಂಟಿನ ಹೆಸರು ಹೇಳಿ 'ನೋಕೀಸ್' ಎಂದು ಸೇರಿಸಿದರೆ ಸರ್ಟಿಫಿಕೇಟುಗಳು ಮಾತ್ರ ಹೊರಬರುತ್ತವೆ. 'ನೋಸರ್ಟ್ಸ್' ಎಂದರೆ ಕೀಲಿ ಮಾತ್ರ. ಈ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಮುಂದೊಂದು ಅಡ್ಡಗೆರೆ ಎಳೆದು, ನಡುವೆ ಜಾಗ ಬಿಡದೆ ಬರೆಯತಕ್ಕದ್ದು. ಮೊದಲು ಗಂಟಿನ ಪಾಸ್‌ವರ್ಡ್ ಕೇಳುತ್ತದೆ. ಕೀಲಿ ತೆಗೆಯುವಾಗ ಹೊಸದೊಂದು ಪಾಸ್‌ವರ್ಡನ್ನು ಎರಡು ಸಲ ಕೇಳುತ್ತದೆ. ಇದು ಹೊರಬಂದ ಕೀಲಿಗೆ ಹಾಕುವ ಬೀಗ. ಇಲ್ಲಿ ಬೇಸತ್ತು, 'ನೋಡೆಸ್' ಎಂದು ಸೇರಿಸಿ ಬೀಗವಿಲ್ಲದೆ ತೆಗೆಯುವವರುಂಟು. ನಾನೂ ಹಾಗೆ ಮಾಡಿದವನೇ. ಎಲ್ಲರೂ ಬಳಸುವ ಕಂಪ್ಯೂಟರಿನಲ್ಲಿ ಆ ಕೀಲಿ ಹದಿನೈದು ದಿನ ಬಿದ್ದಿತ್ತು. ಯಾರು ನಕಲು ಮಾಡಿಕೊಂಡರೋ ಇಲ್ಲವೋ ಹೇಳಬಲ್ಲವರಾರು? ಕೊನೆಗೆ ಸರ್ಟಿಫಿಕೇಟನ್ನೇ ರದ್ದುಮಾಡಿಸಿ, ಹೊಸ ಕೀಲಿಯೊಡನೆ ಬೇರೆಯದನ್ನು ತರಿಸಬೇಕಾಯಿತು. ಯಜಮಾನರ ಅಂದಿನ ಮುಖ ಇನ್ನೂ ಕಣ್ಣ ಮುಂದಿದೆ. ಬೀಗವಿಲ್ಲದ ಕೀಲಿಯೇ ಬೇಕೆಂದು ಸರ್ವರು ಹಟಮಾಡಿದರೆ, ಗಂಟನ್ನು ಆ ಸರ್ವರಿನ ಮೇಲೆಯೇ ಬಿಚ್ಚುವುದು ಲೇಸು.

ಪಾಸ್‌ವರ್ಡ್ ಸರಿಯಿದ್ದೂ ಗಂಟು ಬಿಚ್ಚದೆ 'ಅನ್‌ಸಪೋರ್ಟೆಡ್' ಎಂದು ಕಂಡರೆ ಗಾಬರಿ ಬೇಡ. ಹಳೆಯ ಗಂಟುಗಳಿಗೆ ಬಳಸುತ್ತಿದ್ದ ಆರ್‌ಸಿ2 ಎಂಬ ದುರ್ಬಲ ಗೂಢಲಿಪಿಯನ್ನು 2021ರಲ್ಲಿ ಹೊರಬಂದ ಓಪನ್‌ಎಸ್‌ಎಸ್‌ಎಲ್ 3.0 ತಾನಾಗಿ ಓದುವುದಿಲ್ಲ. 'ಲೆಗಸಿ' ಎಂದು ಸೇರಿಸಿದರೆ ಓದುತ್ತದೆ. 'ಮ್ಯಾಕ್ ವೆರಿಫೈ ಎರರ್' ಎಂದು ಬಂದರೆ ಮಾತ್ರ ಪಾಸ್‌ವರ್ಡನ್ನು ಸಂಶಯಿಸಿರಿ. ಏನೇ ಆಗಲಿ, "ಕಡತ ಕಳುಹಿಸಿ, ಬಿಚ್ಚಿ ಕೊಡುತ್ತೇವೆ" ಎನ್ನುವ ತಾಣಗಳಿಗೆ ಗಂಟನ್ನೂ ಪಾಸ್‌ವರ್ಡನ್ನೂ ಒಪ್ಪಿಸಬಾರದು.

ಟೆಂಡರಿಗೂ ತೆರಿಗೆಗೂ ಸಹಿ ಹಾಕುವ ಯುಎಸ್‌ಬಿ ಟೋಕನಿನ ಮಾತೇ ಬೇರೆ. ಅದರ ಕೀಲಿ ಹೊರಬರದಂತೆಯೇ ಮಾಡಿದ್ದಾರೆ. "ಒಂದು ಕಾಪಿ ತೆಗೆದುಕೊಡಪ್ಪ" ಎಂದರೆ ಆಗುವ ಕೆಲಸವಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೆಯ ಕಲಮಿನಂತೆ, ಸರ್ಟಿಫಿಕೇಟು ಯಾರ ಹೆಸರಿನಲ್ಲಿದೆಯೋ ಅವರೇ ಕೀಲಿಯನ್ನು ಕಾಯಬೇಕು. ಅದು ಕೈತಪ್ಪಿದರೆ ಸರ್ಟಿಫಿಕೇಟು ಕೊಟ್ಟ ಸಂಸ್ಥೆಗೆ ತಡಮಾಡದೆ ತಿಳಿಸಬೇಕು. ಪರರ ಸಹಿಯನ್ನಾಗಲಿ ಪಾಸ್‌ವರ್ಡನ್ನಾಗಲಿ ಮೋಸದಿಂದ ಬಳಸಿದವರಿಗೆ 66ಸಿ ಕಲಮಿನಂತೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ಯಜಮಾನರ ಟೋಕನ್ ನಿಮ್ಮ ಮೇಜಿನ ಖಾನೆಯಲ್ಲಿದ್ದರೆ ಇಂದೇ ಹಿಂದಿರುಗಿಸಿ, ಪುಸ್ತಕದಲ್ಲಿ ಅವರ ರುಜು ಪಡೆದುಕೊಳ್ಳಿರಿ.